ಪಿಯುಸಿಗೆ ಯಾವ ಗಣಿತ? ಮ್ಯಾಥ್ಸ್, ಬೇಸಿಕ್ ಮ್ಯಾಥ್ಸ್, ಸ್ಟಾಟಿಸ್ಟಿಕ್ಸ್: ಪಾಠ ಮಾಡಿ ಕಂಡಿದ್ದು

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ಮೇಲೆ ನಮ್ಮ ಮನೆಗೆ ಬರುವ ಪಾಲಕರೆಲ್ಲ ಕೇಳುವುದು ಒಂದೇ: 'ಸೈನ್ಸಾ, ಕಾಮರ್ಸಾ?' ನಾನು ಮೊದಲು ಕೇಳುವುದು ಬೇರೆ: 'ಮಗುವಿಗೆ ಯಾವ ಥರದ ಲೆಕ್ಕ ಇಷ್ಟ?' ಕರ್ನಾಟಕದ ಪಿಯುಸಿಯಲ್ಲಿ ಗಣಿತಕ್ಕೆ ಮೂರು ದಾರಿ ಇವೆ. ಸೈನ್ಸ್‌ನವರ ಮ್ಯಾಥ್ಸ್, ಕಾಮರ್ಸ್‌ನವರ ಬೇಸಿಕ್ ಮ್ಯಾಥ್ಸ್, ಎರಡೂ ಕಡೆ ಸಿಗುವ ಸ್ಟಾಟಿಸ್ಟಿಕ್ಸ್. ಮೂರನ್ನೂ ಮಕ್ಕಳ ಜೊತೆ ಕೂತು ಪಾಠ ಮಾಡಿದ್ದೇನೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ನಾನೇ ಬಿಡಿಸಿ ನೋಡಿದ್ದೇನೆ.

ಮೂರನ್ನೂ ಒಟ್ಟಿಗೆ ಅಳೆಯಲು ಒಳ್ಳೆಯ ದಾರಿ ಒಂದಿದೆ. ಇರುವ ಮಿತಿಯೊಳಗೆ ಲಾಭ ಹೆಚ್ಚಿಸುವ ಅಥವಾ ಖರ್ಚು ಇಳಿಸುವ ದಾರಿ ಹುಡುಕುವ ಲೀನಿಯರ್ ಪ್ರೋಗ್ರಾಮಿಂಗ್ ಅನ್ನುವ ಪಾಠ ಸೆಕೆಂಡ್ ಪಿಯುಸಿಯ ಮೂರು ಪುಸ್ತಕದಲ್ಲೂ ಇದೆ. ಮ್ಯಾಥ್ಸ್ ಪುಸ್ತಕದ ಅಭ್ಯಾಸಗಳಲ್ಲಿ ಈಗ ಅಸಮತೆಗಳನ್ನು ('ಇಷ್ಟಕ್ಕಿಂತ ಜಾಸ್ತಿ ಆಗಬಾರದು' ಅನ್ನುವ ಥರದ ಮಿತಿಗಳನ್ನು) ರೆಡಿಯಾಗಿಯೇ ಕೊಟ್ಟಿರುತ್ತಾರೆ. ಗ್ರಾಫ್ ಎಳೆಯಬೇಕು, ಮೂಲೆ ಬಿಂದು ಹುಡುಕಬೇಕು. (0,0), (5,0), (4,3), (0,5) ಅಂತ ನಾಲ್ಕು ಮೂಲೆ ಬಂದವು ಅನ್ನಿ. ಕೊಟ್ಟಿರುವ ಸೂತ್ರದಲ್ಲಿ ಒಂದೊಂದನ್ನೂ ಹಾಕಿ ನೋಡಿ ಯಾವುದರಲ್ಲಿ ಬೆಲೆ ಜಾಸ್ತಿ ಅಂತ ಬರೆದರೆ ಮುಗಿಯಿತು. ಪರೀಕ್ಷೆಯಲ್ಲಿ ಇದು 6 ಅಂಕದ ಪ್ರಶ್ನೆ. ಡೆಫಿನಿಟ್ ಇಂಟಿಗ್ರಲ್‌ನ ಪ್ರಶ್ನೆಗೆ ಬದಲಾಗಿ ಇದನ್ನು ಬರೆಯಬಹುದು. ಹೆಚ್ಚಿನ ಮಕ್ಕಳು ಇದನ್ನೇ ಆರಿಸುತ್ತಾರೆ.

ಬೇಸಿಕ್ ಮ್ಯಾಥ್ಸ್‌ನಲ್ಲಿ ಅದೇ ಪಾಠ ಕಥೆಯಾಗಿ ಬರುತ್ತದೆ. ಒಂದು ಕಾರ್ಖಾನೆ, ಎರಡು ಥರದ ಸಾಮಾನು, ಇಷ್ಟು ಗಂಟೆ ಯಂತ್ರದ ಕೆಲಸ, ಇಷ್ಟು ಲಾಭ. ಓದಿ ಅಸಮತೆಯನ್ನು ಮಗುವೇ ಕಟ್ಟಬೇಕು. ಸ್ಟಾಟಿಸ್ಟಿಕ್ಸ್ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಇದು ಆಪರೇಷನ್ಸ್ ರಿಸರ್ಚ್ ಎಂಬ ದೊಡ್ಡ ಪಾಠದ ಒಂದು ಭಾಗ. ಇದರ ಜೊತೆಗೆ ಗೋದಾಮುಗಳಿಂದ ಅಂಗಡಿಗಳಿಗೆ ಕಡಿಮೆ ಖರ್ಚಿನಲ್ಲಿ ಮಾಲು ಸಾಗಿಸುವ ಲೆಕ್ಕ, ಹಳೇ ಯಂತ್ರವನ್ನು ಯಾವ ವರ್ಷ ಬದಲಿಸಬೇಕು ಅನ್ನುವ ಲೆಕ್ಕ, ಎದುರಾಳಿಯ ನಡೆ ನೋಡಿ ನಮ್ಮ ನಡೆ ಆರಿಸುವ ಗೇಮ್ ಥಿಯರಿ ಎಲ್ಲ ಇವೆ.

ಈ ಒಂದು ಪಾಠ ನೋಡಿದರೇ ಸ್ವಭಾವ ಗೊತ್ತಾಗುತ್ತದೆ. ಮ್ಯಾಥ್ಸ್ ಕೈಚಳಕ ಕೇಳುತ್ತದೆ. ಬೇಸಿಕ್ ಮ್ಯಾಥ್ಸ್ ಓದಿ ಅರ್ಥಮಾಡಿಕೊಳ್ಳುವುದನ್ನು ಕೇಳುತ್ತದೆ. ಸ್ಟಾಟಿಸ್ಟಿಕ್ಸ್ ತಾಳ್ಮೆ ಕೇಳುತ್ತದೆ.

ಮೊದಲು ಸೈನ್ಸ್‌ನ ಮ್ಯಾಥ್ಸ್. ಸೆಕೆಂಡ್ ಪಿಯುಸಿಯಲ್ಲಿ 13 ಅಧ್ಯಾಯ, ಎನ್‌ಸಿಇಆರ್‌ಟಿ ಪುಸ್ತಕ. ಭಾರವೆಲ್ಲ ಕ್ಯಾಲ್ಕುಲಸ್ ಮೇಲೆ: ಡಿಫರೆನ್ಸಿಯೇಷನ್, ಅದರ ಉಪಯೋಗ, ಇಂಟಿಗ್ರೇಷನ್, ಅದರ ಉಪಯೋಗ, ಡಿಫರೆನ್ಷಿಯಲ್ ಇಕ್ವೇಷನ್. ಮಕ್ಕಳು ಇಂಟಿಗ್ರಲ್‌ನಲ್ಲಿ ನಿಂತುಬಿಡುತ್ತಾರೆ. ಆದರೆ ನಾನು ಕಂಡ ಹಾಗೆ ಅಲ್ಲಿ ಕಾಡುವುದು ಇಂಟಿಗ್ರೇಷನ್ ಅಲ್ಲ, ಫಸ್ಟ್ ಪಿಯುಸಿಯ ತ್ರಿಕೋನಮಿತಿ. ಸೈನ್ ಸ್ಕ್ವೇರ್ ಅನ್ನು ಕಾಸ್ ಟು ಎಕ್ಸ್ ಆಗಿ ಬದಲಿಸಲು ಬರದಿದ್ದರೆ ಮುಂದಿನ ಹೆಜ್ಜೆಯೇ ಇಲ್ಲ. ಹತ್ತನೇ ಕ್ಲಾಸಿನಲ್ಲಿ 90 ತೆಗೆದ ಮಕ್ಕಳೂ ಇಲ್ಲಿ ಒದ್ದಾಡುತ್ತಾರೆ. ಮೇಲಿಂದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ. ಬೋರ್ಡ್ ಪರೀಕ್ಷೆಗೆ ಹೆಜ್ಜೆ ಹೆಜ್ಜೆಯಾಗಿ ಬರೆಯುವ ಅಭ್ಯಾಸ ಬೇಕು, ಸಿಇಟಿಗೆ ಹೆಜ್ಜೆ ಹಾರಿಸುವ ಅಭ್ಯಾಸ ಬೇಕು. ಎರಡನ್ನೂ ಒಂದೇ ವರ್ಷದಲ್ಲಿ ಕಲಿಯುವುದು ಸುಲಭ ಅಲ್ಲವೇ ಅಲ್ಲ. ಆದರೂ ಇಂಜಿನಿಯರಿಂಗ್, ಆರ್ಕಿಟೆಕ್ಚರ್, ಬಿಎಸ್‌ಸಿ ಗಣಿತ ಅಂತ ಮನಸ್ಸಿದ್ದರೆ ಇದೇ ದಾರಿ.

ಬೇಸಿಕ್ ಮ್ಯಾಥ್ಸ್ ಅಂದರೆ 'ಸುಲಭದ ಮ್ಯಾಥ್ಸ್' ಅಂತ ತುಂಬಾ ಜನ ತಿಳಿದಿದ್ದಾರೆ. ಅದು ತಪ್ಪು. ಅದರಲ್ಲೂ ಮ್ಯಾಟ್ರಿಕ್ಸ್, ಲಿಮಿಟ್ಸ್, ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಇವೆ. ಆಳ ಕಡಿಮೆ, ಹರವು ಜಾಸ್ತಿ. ಷೇರು, ಬಿಲ್ ಡಿಸ್ಕೌಂಟಿಂಗ್ (ಮುಂದೆ ಬರಬೇಕಾದ ಬಿಲ್ಲಿನ ಹಣವನ್ನು ಬ್ಯಾಂಕಿನಿಂದ ಸ್ವಲ್ಪ ಕಡಿತಕ್ಕೆ ಮೊದಲೇ ಪಡೆಯುವುದು), ಲಾಜಿಕ್ ಎಲ್ಲ ಸೇರಿರುತ್ತವೆ. ನನಗೆ ಪಾಠ ಮಾಡಲು ತುಂಬಾ ಇಷ್ಟವಾಗುವುದು ಲರ್ನಿಂಗ್ ಕರ್ವ್. ಹೊಸ ಕೆಲಸ ಮಾಡುತ್ತಾ ಮಾಡುತ್ತಾ ಕೈ ಪಳಗುತ್ತದೆ, ಅಲ್ವಾ? ಅದನ್ನೇ ಲೆಕ್ಕಕ್ಕೆ ಇಳಿಸಿದ್ದಾರೆ. ಮೊದಲ ಯಂತ್ರ ಜೋಡಿಸಲು 100 ಗಂಟೆ ಹಿಡಿಯಿತು ಅನ್ನಿ. 80 ಪರ್ಸೆಂಟ್ ಲರ್ನಿಂಗ್ ಕರ್ವ್ ಇದ್ದರೆ, ಎರಡು ಯಂತ್ರ ಆದಾಗ ಸರಾಸರಿ 80 ಗಂಟೆ. ನಾಲ್ಕು ಆದಾಗ ಸರಾಸರಿ 64. ಅಂದರೆ ನಾಲ್ಕಕ್ಕೂ ಸೇರಿ 256 ಗಂಟೆ. ಸರಾಸರಿ ಯಾವುದು, ಒಟ್ಟು ಯಾವುದು ಅಂತ ಇಲ್ಲಿ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ಕೂಲಿ ಎಷ್ಟಾಗುತ್ತದೆ ಅಂತ ಕೇಳಿದಾಗ ಸರಾಸರಿಗೇ ಕೂಲಿ ಕಟ್ಟಿ ಅಂಕ ಕಳೆದುಕೊಳ್ಳುತ್ತಾರೆ.

ಸಿಎ ಕಡೆ ಹೋಗುವವರಿಗೆ ಇದು ನೇರವಾಗಿ ಕೆಲಸಕ್ಕೆ ಬರುತ್ತದೆ. ಸಿಎಯ ಮೊದಲ ಹಂತದ ಪರೀಕ್ಷೆಯಾದ ಸಿಎ ಫೌಂಡೇಷನ್‌ನ ಮೂರನೇ ಪೇಪರ್‌ನಲ್ಲಿ ಬಿಸಿನೆಸ್ ಮ್ಯಾಥ್ಸ್‌ಗೆ 40, ಸ್ಟಾಟಿಸ್ಟಿಕ್ಸ್‌ಗೆ 40, ಲಾಜಿಕಲ್ ರೀಸನಿಂಗ್‌ಗೆ 20 ಅಂಕ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಗಣಿತವೇ ಬೇಡ ಅಂತ ಸಿಇಬಿಎ (ಕಂಪ್ಯೂಟರ್ ಸೈನ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ತೆಗೆದುಕೊಂಡು ಆಮೇಲೆ ಸಿಎ ಅಂದ ಮಕ್ಕಳು ಈ ಪೇಪರ್‌ಗೆ ಮೊದಲಿಂದ ಶುರು ಮಾಡಬೇಕಾಗುತ್ತದೆ. ಕಾಮರ್ಸ್‌ನಲ್ಲಿ ಗಣಿತ ಬಿಡಬೇಡಿ ಅಂತ ನಾನು ಹೇಳುವುದು ಅದಕ್ಕೇ. ಆದರೆ ಬೇಸಿಕ್ ಮ್ಯಾಥ್ಸ್ ಓದಿ ಇಂಜಿನಿಯರಿಂಗ್‌ಗೆ ಹೋಗಲು ಆಗುವುದಿಲ್ಲ. ಫಿಸಿಕ್ಸ್ ಇಲ್ಲವಲ್ಲ. ಇದನ್ನು ಮಗುವಿಗೆ ಮೊದಲೇ ಹೇಳಿಬಿಡಿ.

ಈಗ ಸ್ಟಾಟಿಸ್ಟಿಕ್ಸ್. ಸೈನ್ಸ್‌ನ ಪಿಸಿಎಂಎಸ್‌ನಲ್ಲೂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಸ್ಟಾಟಿಸ್ಟಿಕ್ಸ್) ಸಿಗುತ್ತದೆ, ಕಾಮರ್ಸ್‌ನ ಎಸ್‌ಇಬಿಎನಲ್ಲೂ (ಸಿಇಬಿಎಯ ಕಂಪ್ಯೂಟರ್ ಜಾಗದಲ್ಲಿ ಸ್ಟಾಟಿಸ್ಟಿಕ್ಸ್) ಸಿಗುತ್ತದೆ. ನನ್ನ ಪ್ರಕಾರ ನಮ್ಮಲ್ಲಿ ಜನ ಕಡೆಗಣಿಸಿರುವ ಒಳ್ಳೆಯ ವಿಷಯ ಇದು. ಪರೀಕ್ಷೆಗೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ತರಬಹುದು, ಲೆಕ್ಕಕ್ಕೆ ಬೇಕಾದ ಸ್ಟಾಟಿಸ್ಟಿಕ್ಸ್ ಟೇಬಲ್‌ಗಳನ್ನು ಕೇಳಿದರೆ ಕೊಡುತ್ತಾರೆ. ಹಾಗಂತ ಸುಲಭ ಅಂದುಕೊಳ್ಳಬೇಡಿ. ಬೆಲೆಗಳು ಎಷ್ಟು ಏರಿದವು ಅಂತ ಅಳೆಯುವ ಫಿಶರ್ ಇಂಡೆಕ್ಸ್ ನಂಬರ್ ಲೆಕ್ಕದಲ್ಲಿ ಎರಡು ವರ್ಷದ ಬೆಲೆ, ಎರಡು ವರ್ಷದ ಪ್ರಮಾಣ, ಅವನ್ನು ನಾಲ್ಕು ರೀತಿ ಗುಣಿಸಿದ ನಾಲ್ಕು ಕಂಬಸಾಲು. ಒಂದು ಸಾಲಿನಲ್ಲಿ ಒಂದು ಅಂಕಿ ತಪ್ಪಿದರೂ ಕೊನೆಯ ಉತ್ತರ ಹೋಯಿತು. ಕ್ಯಾಲ್ಕುಲೇಟರ್ ಬಟನ್ ಒತ್ತುವುದಕ್ಕೂ ಶಿಸ್ತು ಬೇಕು. ಸಾಲು ಸಾಲಾಗಿ ನೀಟಾಗಿ ಬರೆಯುವ ಮಗು ಇಲ್ಲಿ ಮಿಂಚುತ್ತದೆ. ಮ್ಯಾಥ್ಸ್‌ನಲ್ಲಿ ಸಾಧಾರಣ ಅನ್ನಿಸಿಕೊಂಡ ಹುಡುಗಿಯೊಬ್ಬಳು ಸ್ಟಾಟಿಸ್ಟಿಕ್ಸ್‌ನಲ್ಲಿ ತನ್ನ ಕ್ಲಾಸಿಗೇ ಮುಂದಿದ್ದಳು. ಅವಳ ನೋಟ್‌ಬುಕ್ ನೋಡುವುದೇ ಒಂದು ಖುಷಿ.

ಇದರಲ್ಲಿ ಬದುಕೂ ಇದೆ. ಶಿಶು ಮರಣ ಪ್ರಮಾಣ, ಎರಡು ಊರಿನ ಸಾವಿನ ಪ್ರಮಾಣ ಹೋಲಿಸುವಾಗ ವಯಸ್ಸನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಕಾರ್ಖಾನೆಯಲ್ಲಿ ಸರಕಿನ ಗುಣಮಟ್ಟ ಹೇಗೆ ಕಾಯುತ್ತಾರೆ, ಎಲ್ಲ ಇವೆ. ಪಿಸಿಎಂಎಸ್ ಓದುವ ಮಗುವಿಗೆ ಪ್ರಾಬಬಿಲಿಟಿ ಎರಡು ವಿಷಯಕ್ಕೂ ಬರುವುದರಿಂದ ಗಟ್ಟಿಯಾಗುತ್ತದೆ. ಗಣಿತವನ್ನೇ ಓದಬೇಕು ಅನ್ನುವವರು ಬೆಂಗಳೂರಿನ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬಿ.ಮ್ಯಾಥ್ ಕೋರ್ಸನ್ನೂ ಗಮನದಲ್ಲಿ ಇಡಿ. ಅದಕ್ಕೆ ಬೇರೆಯೇ ಪ್ರವೇಶ ಪರೀಕ್ಷೆ ಇದೆ. ಒಂದೇ ಬೇಜಾರು ಅಂದರೆ ಪಿಸಿಎಂಎಸ್ ಎಲ್ಲ ಕಾಲೇಜಿನಲ್ಲೂ ಇಲ್ಲ. ಸಣ್ಣ ಊರುಗಳಲ್ಲಿ ಹುಡುಕಬೇಕಾಗುತ್ತದೆ.

ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಜೊತೆ ಸೇರುವ ಉಳಿದ ನಾಲ್ಕನೇ ವಿಷಯಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಂಜಿನಿಯರಿಂಗ್‌ನ ಸಿಇಟಿ ರ್‍ಯಾಂಕಿಗೆ ಲೆಕ್ಕಕ್ಕೆ ಬರುವುದು ಪಿಸಿಎಂ ಮೂರೇ. ಕಂಪ್ಯೂಟರ್ ಸೈನ್ಸ್ ಸೀಟು ಬೇಕಾದರೆ ಪಿಸಿಎಂಸಿಯೇ (ನಾಲ್ಕನೆಯದು ಕಂಪ್ಯೂಟರ್ ಸೈನ್ಸ್) ಓದಿರಬೇಕು ಅಂತೇನಿಲ್ಲ. ಪ್ರೋಗ್ರಾಮ್ ಬರೆಯುವುದರಲ್ಲಿ ನಿಜವಾದ ಆಸೆ ಇದ್ದರೆ ತೆಗೆದುಕೊಳ್ಳಿ, ಖಂಡಿತ ಖುಷಿಪಡುತ್ತಾರೆ. ಎಲೆಕ್ಟ್ರಾನಿಕ್ಸ್‌ಗೂ ಅದೇ ಮಾತು.

ಪಿಸಿಎಂಬಿ (ನಾಲ್ಕನೆಯದು ಬಯಾಲಜಿ) ಮಾತ್ರ ಯೋಚಿಸಿ ತೆಗೆದುಕೊಳ್ಳಿ. 'ಇರಲಿ, ಎರಡೂ ದಾರಿ ತೆರೆದಿರುತ್ತೆ' ಅಂತ ಸುಮ್ನೆ ಬಯಾಲಜಿ ಸೇರಿಸುತ್ತಾರೆ. ಮೆಡಿಕಲ್ ಪ್ರವೇಶದ ನೀಟ್‌ನಲ್ಲಿ ಗಣಿತ ಇಲ್ಲ, ಇಂಜಿನಿಯರಿಂಗ್ ಸಿಇಟಿಯಲ್ಲಿ ಬಯಾಲಜಿ ಇಲ್ಲ. ಎರಡಕ್ಕೂ ತಯಾರಾಗುವ ಮಗು ಸಂಜೆ ಟ್ಯೂಷನ್‌ಗೆ ಬಂದಾಗ ಕಣ್ಣು ಬಿಡಲು ಆಗದಷ್ಟು ಸುಸ್ತಾಗಿರುತ್ತದೆ. ಕೃಷಿ, ಪಶುವೈದ್ಯಕೀಯ, ಮೆಡಿಕಲ್ ಕಡೆ ನಿಜವಾಗಿ ಮನಸ್ಸಿದ್ದರೆ ಬಯಾಲಜಿ ಬೇಕೇ ಬೇಕು. ಇಲ್ಲದಿದ್ದರೆ ಆ ಗಂಟೆಗಳನ್ನು ಕ್ಯಾಲ್ಕುಲಸ್‌ಗೆ ಕೊಡಿ.

ಆಯ್ಕೆ ಮಾಡುವ ಮೊದಲು ಒಂದು ಕೆಲಸ ಮಾಡಿ. ಮಾದರಿ ಪ್ರಶ್ನೆಪತ್ರಿಕೆಗಳು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಮೂರೂ ವಿಷಯದ್ದನ್ನು ಪ್ರಿಂಟ್ ತೆಗೆದು ಮಗುವಿನ ಮುಂದಿಡಿ. ಬಿಡಿಸು ಅನ್ನಬೇಡಿ, ಓದು ಅಷ್ಟೇ. ಯಾವ ಪತ್ರಿಕೆ ಹಿಡಿದಾಗ 'ಇದು ಹೇಗೆ ಮಾಡೋದು?' ಅಂತ ತಾನಾಗಿಯೇ ಕೇಳುತ್ತದೋ ನೋಡಿ. ಅಡ್ಮಿಷನ್ ಫಾರಂ ತುಂಬುವುದು ಆಮೇಲೆ.