ರಿಬ್ಬನ್ ಕೇಬಲ್ ಕನೆಕ್ಟರ್‌ಗೆ 99% ಐಪಿಎ: ಬಹುಕಾಲ ಬಳಸಿದ ಮೇಲಿನ ವಿಮರ್ಶೆ

ಕೀಬೋರ್ಡ್, ಟಚ್‌ಪ್ಯಾಡ್, ಕ್ಯಾಮೆರಾ, ಪ್ರಿಂಟರ್ ಒಳಗಿನ ತೆಳು ರಿಬ್ಬನ್ ಕೇಬಲ್‌ಗಳ ತುದಿ ಒರೆಸಲು ನಾನು ಬಹಳ ಕಾಲದಿಂದ ಬಳಸುತ್ತಿರುವುದು 99% ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ಐಪಿಎ. ಜಿಡ್ಡು, ಬೆರಳಿನ ಎಣ್ಣೆ, ಫ್ಲಕ್ಸ್ (ಬೆಸುಗೆ ಹಾಕುವಾಗ ಬಳಸುವ ರಾಳದಂಥ ವಸ್ತು) ಅಂಟಿಗೆ ಇದಕ್ಕಿಂತ ಬೇರೆ ಬೇಕಿಲ್ಲ. ಕಿಲುಬಿಗೆ ಮಾತ್ರ ಇದು ಮದ್ದಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ಬಾಟಲಿ ಸಾರ್ಥಕ.

ಲಾಕ್ ಇರುವ ಕನೆಕ್ಟರ್‌ನಲ್ಲಿ ಕೇಬಲ್ ಒತ್ತಡವಿಲ್ಲದೆ ಒಳಗೆ ಹೋಗುತ್ತದೆ. ತೂರಿಸುವಾಗ ಪಿನ್ ಅಷ್ಟಾಗಿ ಉಜ್ಜಿಕೊಳ್ಳುವುದಿಲ್ಲ, ಹಾಗಾಗಿ ಕೊಳೆ ಇದ್ದಲ್ಲೇ ಉಳಿಯುತ್ತದೆ. ಲಾಕ್ ಇಲ್ಲದ, ಒತ್ತಿ ತೂರಿಸುವ ಬಗೆಯಲ್ಲಿ ಕೇಬಲ್ ಒಮ್ಮೆ ತೆಗೆದು ಮತ್ತೆ ತೂರಿಸಿದರೇ ಅರ್ಧ ಸಮಸ್ಯೆ ಹೋಗುತ್ತದೆ. ಹಾಗೆಂದು ಮತ್ತೆ ಮತ್ತೆ ತೆಗೆಯಬಾರದು: ಹಲವು ಸಣ್ಣ ಕನೆಕ್ಟರ್‌ಗಳ ಡೇಟಾಶೀಟ್‌ನಲ್ಲಿ ಕೊಟ್ಟಿರುವ ಆಯುಷ್ಯ ಬರೀ 10ರಿಂದ 30 ಸಲ.

ಮೊದಲು ಪವರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಬೇಕು. ಆಮೇಲೆ ಲಾಕ್ ಯಾವ ಬಗೆಯದು ನೋಡಿ. ಮಗುಚುವ ಲಾಕ್ ಆದರೆ ಪ್ಲಾಸ್ಟಿಕ್ ಸ್ಪಡ್ಜರ್‌ನಿಂದ (ಚಪ್ಪಟೆ ತುದಿಯ ಮೀಟುಕಡ್ಡಿ) ಮೇಲಕ್ಕೆ ಎತ್ತಬೇಕು. ಜಾರುವ ಲಾಕ್ ಆದರೆ ಎರಡೂ ತುದಿಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಹೊರಗೆಳೆಯಬೇಕು. ಅದು ಸರಿಯುವುದು ಸುಮಾರು 1 ಮಿ.ಮೀ. ಅಷ್ಟೆ. ಒಂದೇ ಬದಿ ಎಳೆದರೆ ಲಾಕ್‌ನ ಬದಿಯ ಕಿವಿ ಮುರಿಯಬಹುದು, ಮುರಿದ ಲಾಕ್‌ಗೆ ಮನೆಯಲ್ಲಿ ರಿಪೇರಿ ಕಷ್ಟ.

ಕೇಬಲ್ ತುದಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ನಾರು ಬಿಡದ ಫೋಮ್ ಸ್ವಾಬ್‌ಗೆ ಎರಡು ಹನಿ ಐಪಿಎ ಹಾಕಿ, ಅಲ್ಲಿನ ಲೋಹದ ಪಟ್ಟಿಗಳ ಉದ್ದಕ್ಕೆ ತುದಿಯ ಕಡೆಗೆ ಒರೆಸಿ. ಅಡ್ಡ ಒರೆಸಿದರೆ 0.5 ಮಿ.ಮೀ. ಅಂತರದ ಪಟ್ಟಿಗಳ ಅಂಚು ಏಳಬಹುದು. ಹತ್ತಿಯ ಸ್ವಾಬ್ ಬೇಡ. ಅದರ ಎಳೆ ಪಿನ್‌ಗೆ ಸಿಕ್ಕಿಕೊಂಡರೆ ಬರಿಗಣ್ಣಿಗೆ ಕಾಣುವುದೂ ಇಲ್ಲ. ಕೇಬಲ್ ನೆನೆಸಿಡಬೇಡಿ, ಹಿಂಬದಿಯ ನೀಲಿ ಗಟ್ಟಿ ಪಟ್ಟಿಯ ಅಂಟು ಸಡಿಲವಾಗಬಹುದು.

ಕನೆಕ್ಟರ್ ಬಾಯಿಯೊಳಗೆ ಸ್ವಾಬ್ ಹೋಗದು. ಅದಕ್ಕೆ ಅದೇ ಅಗಲದ, ಬಿಸಾಡಲಿಟ್ಟ ರಿಬ್ಬನ್ ಕೇಬಲ್ ತುಂಡು ಸಾಕು: ತುದಿಗೆ ಐಪಿಎ ಸವರಿ, ಲಾಕ್ ತೆರೆದೇ ಇಟ್ಟು, ನೇರವಾಗಿ ಎರಡು ಮೂರು ಸಲ ತೂರಿಸಿ ತೆಗೆಯಿರಿ. ಸೂಜಿಯಿಂದ ಕೆರೆದರೆ ಪಿನ್ ಬಾಗುತ್ತದೆ. ಕಾಲು ಗಂಟೆ ಒಣಗಲು ಬಿಟ್ಟು, ಕೇಬಲ್ ಪೂರ್ತಿ ಒಳಗೆ ಸರಿಸಿ ಲಾಕ್ ಹಾಕಿ. ಕೇಬಲ್ ಮೇಲಿನ ಗುರುತಿನ ಗೆರೆ ಕನೆಕ್ಟರ್ ಅಂಚಿಗೆ ಸಮನಾಗಿಲ್ಲದಿದ್ದರೆ ಕೇಬಲ್ ಓರೆಯಾಗಿ ಕೂತಿದೆ ಎಂದರ್ಥ. ಸ್ವಚ್ಛ ಮಾಡಿದರೂ ಕೆಲಸ ಮಾಡುತ್ತಿಲ್ಲ ಎಂದಾಗ ಮೊದಲು ನೋಡಬೇಕಾದ್ದು ಇದನ್ನೇ.

70% ಬಾಟಲಿ ಬೇಡ. ಅದರಲ್ಲಿ ಉಳಿದದ್ದು ನೀರು. ಕನೆಕ್ಟರ್ ಸಂದಿಯಲ್ಲಿ ಅದು ಬೇಗ ಆರುವುದಿಲ್ಲ. 99% ಕೂಡ ಗಾಳಿಯ ತೇವ ಹೀರುತ್ತದೆ, ಮುಚ್ಚಳ ತೆರೆದಿಟ್ಟರೆ ಗುಣ ಇಳಿಯುತ್ತದೆ.

ಹಸಿರು ಅಥವಾ ಬಿಳಿ ಪುಡಿ ಕಂಡರೆ ಅದು ಲವಣ ಇಲ್ಲವೇ ಕಿಲುಬು, ಐಪಿಎಗೆ ಕರಗದು. ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿದ ಮೃದು ಬ್ರಷ್‌ನಿಂದ ತೊಳೆದು, ಕೊನೆಗೆ ನೀರು ಓಡಿಸಲು ಐಪಿಎ ಹಾಕಿ. ಆಲ್ಕಲೈನ್ ಸೆಲ್ ಸೋರಿದ್ದಾದರೆ ಮೊದಲು ಒಂದೆರಡು ಹನಿ ವಿನೆಗರ್, ಆಮೇಲೆ ನೀರು, ಆಮೇಲೆ ಐಪಿಎ. ಲೇಪನ ಎದ್ದು ಕೆಳಗಿನ ತಾಮ್ರ ಕಾಣುತ್ತಿದ್ದರೆ ಕೇಬಲ್ಲನ್ನೇ ಬದಲಿಸಿ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ಸಲಹೆ ಎಲ್ಲೆಡೆ ಸಿಗುತ್ತದೆ, ನಾನು ಒಪ್ಪುವುದಿಲ್ಲ: ತೆಳು ಚಿನ್ನದ ಲೇಪನ ಸವೆಯುತ್ತದೆ, ಪುಡಿ ಕನೆಕ್ಟರ್ ಒಳಗೆ ಸೇರುತ್ತದೆ.

ಕ್ಯಾಲ್ಕುಲೇಟರ್, ರಿಮೋಟ್, ಮೆಂಬ್ರೇನ್ ಕೀಬೋರ್ಡ್‌ಗಳ ಕಪ್ಪು ಕಾರ್ಬನ್ ಪಟ್ಟಿಗಳಿಗೆ ಐಪಿಎ ತಾಗಿಸಬೇಡಿ. ಶಾಯಿಯೇ ಕಿತ್ತು ಬರಬಹುದು. ಒಣ ಮೃದು ಬಟ್ಟೆ ಸಾಕು. ಐಪಿಎ ಆವಿ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದು. ಕಿಟಕಿ ತೆರೆದಿರಲಿ, ಬಿಸಿ ಸೋಲ್ಡರಿಂಗ್ ಐರನ್ ದೂರವಿರಲಿ, ಪೂರ್ತಿ ಆರುವವರೆಗೆ ಬ್ಯಾಟರಿ ಜೋಡಿಸಬೇಡಿ.