ರೆಕ್ಕೆತುದಿಗೆ ಸ್ಕ್ರೂವೋ, ಹಿಂಜೋ, ಪಾಪ್ ರಿವೆಟ್ಟೋ?

ಸ್ಕ್ರೂ ಮತ್ತು ನಟ್‌ಪ್ಲೇಟ್ (ಒಳಗಡೆ ರಿವೆಟ್ ಹೊಡೆದು ಕೂರಿಸುವ, ಸ್ಕ್ರೂ ಹಿಡಿಯುವ ನಟ್). ಆರ್‌ವಿ-7ರಂಥ ಕಿಟ್ ವಿಮಾನದ ಅಲ್ಯೂಮಿನಿಯಂ ರೆಕ್ಕೆಗೆ ಫೈಬರ್‌ಗ್ಲಾಸ್ ತುದಿ ಕೂರಿಸಲು ಮೂರೂ ಬಗೆ ಮಾಡಿ ನೋಡಿದ ಮೇಲೆ ನನ್ನ ಆಯ್ಕೆ ಇದೇ.

ಪಾಪ್ ರಿವೆಟ್ (ಹೊರಗಿನಿಂದಲೇ ಎಳೆದು ಬಿಗಿಯುವ ರಿವೆಟ್) ಅಗ್ಗ, ಹಗುರ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆದರೆ ತುದಿಯೊಳಗೆ ದೀಪದ ವೈರು ಇದೆ, ಕೆಲವರು ವಿಒಆರ್ (ದಾರಿ ತೋರುವ ರೇಡಿಯೊ) ಆಂಟೆನಾವನ್ನೂ ಅಲ್ಲೇ ಅಡಗಿಸುತ್ತಾರೆ. ಒಂದು ವೈರು ಕಿತ್ತುಬಂದರೂ ಅಷ್ಟೂ ರಿವೆಟ್ ಕೊರೆದು ತೆಗೆಯಬೇಕು. ತೆಗೆದಷ್ಟು ಸಲವೂ ಫೈಬರ್‌ಗ್ಲಾಸಿನ ತೂತು ದೊಡ್ಡದಾಗುತ್ತದೆ.

ಪಿಯಾನೋ ಹಿಂಜ್ (ಒಂದು ಪಟ್ಟಿ ರೆಕ್ಕೆಗೆ, ಇನ್ನೊಂದು ತುದಿಗೆ, ಎರಡನ್ನೂ ಹಿಡಿಯಲು ನಡುವೆ ಉದ್ದ ತಂತಿಯ ಪಿನ್) ನೋಡಲು ಎಲ್ಲಕ್ಕಿಂತ ಚೆಂದ, ಹೊರಗೆ ಒಂದು ಸ್ಕ್ರೂ ತಲೆಯೂ ಕಾಣುವುದಿಲ್ಲ. ರೆಕ್ಕೆಯ ಮೂತಿ (ಮುಂದಿನ ದುಂಡು ಅಂಚು) ತಿರುಗುವ ಕಡೆ ಮಾತ್ರ ಪಿನ್ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂಜನ್ನು ತಿರುವಿಗೆ ಮೊದಲೇ ನಿಲ್ಲಿಸಿ, ಪಿನ್ನಿನ ತುದಿಯನ್ನು ಚೂಪಾಗಿ ಉಜ್ಜಿ, ಎಣ್ಣೆ ಹಚ್ಚಿ ತಳ್ಳಬೇಕು.

ಮೂರಕ್ಕೂ ಒಂದೇ ತಲೆನೋವು: ತುದಿಯ ಹಿಂದಿನ ಅಂಚು ಎಷ್ಟೋ ಸಲ ಏಲರಾನಿನ (ವಿಮಾನವನ್ನು ಎಡಬಲಕ್ಕೆ ವಾಲಿಸಲು ರೆಕ್ಕೆಯ ಹಿಂದೆ ಇರುವ ಆಡುವ ಪಟ್ಟಿ) ಅಂಚಿಗೆ ಸೇರುವುದೇ ಇಲ್ಲ. ಏಲರಾನಿನ ಪಕ್ಕಕ್ಕೆ ತುದಿಯ ಬಾಯಿ ತೆರೆದೇ ಇರುತ್ತದೆ, ಒಳಗೆ ಆಸರೆ ಇಲ್ಲ. ಹಾಗಾಗಿ ಅಂಚು ಐದಾರು ಮಿ.ಮೀ. ಮೇಲಕ್ಕೋ ಕೆಳಕ್ಕೋ ತಿರುಚಿಕೊಂಡಿರಬಹುದು. ಅದನ್ನು ಹಾಗೇ ಬಿಟ್ಟರೆ ಟ್ರಿಮ್ ಟ್ಯಾಬಿನಂತೆ (ವಿಮಾನದ ಸಮತೋಲ ತಿದ್ದುವ ಪುಟ್ಟ ಪಟ್ಟಿಯಂತೆ) ಕೆಲಸ ಮಾಡುತ್ತದೆ. ಅಂಚು ಕೆಳಗಿದ್ದ ಕಡೆಯ ರೆಕ್ಕೆ ಏಳುತ್ತದೆ, ಇನ್ನೊಂದು ಕಡೆ ಭಾರ ಎನಿಸುತ್ತದೆ. ಸ್ಕ್ರೂ ಬಿಗಿದು ಎಳೆದು ಸರಿಮಾಡಲು ಹೋದರೆ ರೆಕ್ಕೆಯ ತಗಡು ಸ್ಕ್ರೂಗಳ ನಡುವೆ ಉಬ್ಬುತ್ತದೆ.

ಆದ್ದರಿಂದ ತೂತು ಹೊಡೆಯುವ ಮುಂಚೆಯೇ ಬೆಲ್‌ಕ್ರ್ಯಾಂಕಿಗೆ (ಏಲರಾನನ್ನು ಆಡಿಸುವ ರೆಕ್ಕೆಯೊಳಗಿನ ಸನ್ನೆ) ಜಿಗ್ (ಅಲುಗದಂತೆ ಹಿಡಿಯುವ ಅಚ್ಚು) ಹಾಕಿ ಏಲರಾನನ್ನು ನ್ಯೂಟ್ರಲ್‌ನಲ್ಲಿ, ಅಂದರೆ ಮೇಲೂ ಕೆಳಗೂ ವಾಲದ ನಡು ಸ್ಥಾನದಲ್ಲಿ, ಕಟ್ಟಿಹಾಕಿ. ನಂ. 40 ಡ್ರಿಲ್‌ನಲ್ಲಿ (ಸುಮಾರು 2.5 ಮಿ.ಮೀ.) ಮುಖ್ಯ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ) ಹತ್ತಿರ ಶುರುಮಾಡಿ, ಮೇಲೊಂದು ಕೆಳಗೊಂದು ಕ್ಲೆಕೋ (ತೂತಿಗೆ ಹಾಕುವ ತಾತ್ಕಾಲಿಕ ಕ್ಲಿಪ್) ಹಾಕುತ್ತಾ ಮೂತಿಯ ಕಡೆಗೆ ಹೋಗಿ. ಹಿಂದಿನ ತೂತುಗಳು ಕೊನೆಗೆ. ಅಂಚು ಸೇರದಿದ್ದರೆ ಏಲರಾನ್ ಪಕ್ಕದಿಂದ ತುದಿಯ ಹಿಂದಿನ ಅಂಚಿನ ಜೋಡಣೆಯನ್ನು ಸುಮಾರು 150 ಮಿ.ಮೀ. ಸಣ್ಣ ಬ್ಲೇಡಿನಿಂದ ಸೀಳಿ. ಮೇಲಿನ ಪದರ ಕೆಳಗಿನದರ ಮೇಲೆ ಜಾರಿ ತಿರುಚು ಬಿಡುತ್ತದೆ. ಎರಡು ನೇರ ಮರದ ಪಟ್ಟಿಗಳಿಗೆ ಪ್ಯಾಕಿಂಗ್ ಟೇಪ್ ಸುತ್ತಿ, ಏಲರಾನ್ ಅಂಚಿನ ಗೆರೆಗೇ ಹಿಡಿದು ಕ್ಲ್ಯಾಂಪ್ ಮಾಡಿ. ಸೀಳಿಗೆ ಎಪಾಕ್ಸಿ ಅಂಟಿನಲ್ಲಿ ಕಲಸಿದ ಹತ್ತಿಯ ಫ್ಲಾಕ್ಸ್ (ಸಣ್ಣ ನಾರು) ತುಂಬಿ ಒಂದು ದಿನ ಒಣಗಲು ಬಿಡಿ. ಕ್ಲ್ಯಾಂಪ್ ತೆಗೆಯುವ ಮೊದಲೇ ತೆರೆದ ಬಾಯಿಗೆ ಫೋಮಿನ ರಿಬ್ (ಆಸರೆಯ ಅಡ್ಡ ಹಲಗೆ) ಅಂಟಿಸಿ, ಎರಡೂ ಮುಖಕ್ಕೆ ಒಂದೊಂದು ಪದರ ಗ್ಲಾಸ್ ಬಟ್ಟೆ ಹಾಕಿ. ಈ ರಿಬ್ ಬಿಟ್ಟರೆ ತಿರುಚು ಮತ್ತೆ ಬರುತ್ತದೆ.

ಸ್ಕ್ರೂ 6-32 (ನಂ. 6 ದಪ್ಪ, ಅಂಗುಲಕ್ಕೆ 32 ಎಳೆ), ಮೇಲ್ಮೈಗೆ ಸಮವಾಗಿ ಕೂರುವ ಇಳಿಜಾರು ತಲೆ 100 ಡಿಗ್ರಿ. ತಗಡಿಗೆ ಡಿಂಪಲ್ (ಒತ್ತಿ ಮಾಡಿದ ಗುಳಿ), ಅದರಡಿಯ ಫೈಬರ್‌ಗ್ಲಾಸ್ ಫ್ಲ್ಯಾಂಜಿಗೆ (ತಗಡಿನಡಿ ಸೇರುವ ತುದಿಯ ಅಂಚು) ಕೌಂಟರ್‌ಸಿಂಕ್ (ಕೊರೆದು ಮಾಡಿದ ಗುಳಿ). ಒಂದು ತುದಿಗೆ 30 ನಟ್‌ಪ್ಲೇಟ್ ಎಂದರೆ 60 ರಿವೆಟ್, 90 ತೂತು. ರಿವೆಟ್ಟನ್ನು ಸ್ಕ್ವೀಜರ್‌ನಲ್ಲಿ (ರಿವೆಟ್ ಒತ್ತುವ ಇಕ್ಕಳ) ನಿಧಾನವಾಗಿ ಒತ್ತಿ, ಜೋರಾದರೆ ಫ್ಲ್ಯಾಂಜ್ ಬಿರಿಯುತ್ತದೆ.

ದುಡ್ಡೂ ಎರಡು ದಿನದ ಕೆಲಸವೂ ಹೆಚ್ಚು, ನಿಜ. ಪ್ರತಿ ವಾರ್ಷಿಕ ತಪಾಸಣೆಗೂ ತುದಿ ಬಿಚ್ಚಿ ವೈರು ನೋಡುವ ಅಭ್ಯಾಸದವರಿಗೆ ಇದು ಸರಿ. ತುದಿಯೊಳಗೆ ದೀಪ, ಆಂಟೆನಾ ಏನೂ ಇಲ್ಲದವರಿಗೆ ಪಾಪ್ ರಿವೆಟ್ಟೇ ಸಾಕು.