ಪ್ಯಾರಿಸ್ಸಿನ ಕ್ಯೂರಿ ಸಂಗ್ರಹಾಲಯ: ಚಿಕ್ಕದಾದರೂ ನೋಡತಕ್ಕದ್ದು

ಪ್ರವೇಶ ಶುಲ್ಕವಿಲ್ಲದ ಈ ಪುಟ್ಟ ಸಂಗ್ರಹಾಲಯವು ಮೇರಿ ಕ್ಯೂರಿ 1934ರವರೆಗೆ ದುಡಿದ ರೇಡಿಯಂ ಸಂಸ್ಥೆಯ ನೆಲಮಹಡಿಯಲ್ಲಿದೆ. ಆದರೆ ಆಕೆ ಪತಿ ಪಿಯರ್ ಜೊತೆ 1898ರಲ್ಲಿ ಎರಡು ಹೊಸ ಧಾತುಗಳನ್ನು ಶೋಧಿಸಿದ್ದು ಇಲ್ಲಲ್ಲ, ಲೋಮೋಂ ಬೀದಿಯಲ್ಲಿ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳ ನಡುವೆ ಹಂಚಿಹೋಗಿ ಆಗ ಭೂಪಟದಲ್ಲೇ ಇಲ್ಲದಿದ್ದ ಪೋಲೆಂಡಿನ ನೆನಪಿಗೆ ಜುಲೈನಲ್ಲಿ ಮೊದಲ ಧಾತುವನ್ನು ಪೊಲೋನಿಯಂ ಎಂದು ಕರೆದ ದಂಪತಿ, ಡಿಸೆಂಬರಿನಲ್ಲಿ ಎರಡನೆಯದಕ್ಕೆ, ಅದು ಸೂಸುವ ಕಿರಣಗಳ ಕಾರಣದಿಂದ, ರೇಡಿಯಂ ಎಂದು ಹೆಸರಿಟ್ಟರು. ವಿಕಿರಣದ ಕಲ್ಮಶ ತೆಗೆದು ಉಳಿಸಿರುವ ಆಕೆಯ ಕಚೇರಿ, ಪ್ರಯೋಗಾಲಯಗಳಿಗಿಂತಲೂ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಥೋ-ರೇಡಿಯಾ ಎಂಬ ಮುಖದ ಕ್ರೀಮು. 1930ರ ದಶಕದಲ್ಲಿ ಥೋರಿಯಂ, ರೇಡಿಯಂ ಬೆರೆತಿರುವುದನ್ನೇ ಹೆಗ್ಗಳಿಕೆಯಾಗಿ ಸಾರಿ ಅದನ್ನು ಮಾರುತ್ತಿದ್ದರು. ಜಾಹೀರಾತಿನಲ್ಲಿ ಮೆರೆದ ಡಾಕ್ಟರ್ ಆಲ್ಫ್ರೆಡ್ ಕ್ಯೂರಿಗೂ ಈ ದಂಪತಿಗೂ ಯಾವ ನಂಟೂ ಇರಲಿಲ್ಲ! ವಾರದ ಎಲ್ಲ ದಿನವೂ ತೆರೆದಿರುವುದಿಲ್ಲವಾದ್ದರಿಂದ ವೇಳೆಯನ್ನು ವಿಚಾರಿಸಿಕೊಂಡೇ ಹೋಗುವುದು ಒಳಿತು.